ಪಾಠ: ಬರಿದೆಂದು ನಂಬಲಾಗದ ಕೋವಿ

ಉದ್ದೇಶ: ಕೋವಿ ಕಣ್ಣಿಗೆ ಬಿದ್ದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿದ್ಯಾರ್ಥಿಗಳು ಕಾರಣಸಹಿತ ಅರಿಯುವುದು.

ವಿಷಯ ವಿವರಣೆ

ಕಾಸರಗೋಡಿನ ಕೃಷಿಕರಿಗೆ ಕಾಡುಹಂದಿಗಳ ಕಾಟ ಹೊಸದಲ್ಲ. ಬೆಳೆಗೆ ಹಾನಿಮಾಡುವ ಹಂದಿಗಳನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಸ್ಥಳೀಯಾಡಳಿತ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಈ ಕೆಲಸಕ್ಕೆ ಪರವಾನಗಿಯುಳ್ಳ ಕೋವಿದಾರರೇ ಬೇಕು. ಆದುದರಿಂದ ಕೆಲವು ಮಕ್ಕಳಿಗೆ ಕೋವಿ ಮನೆಯೊಳಗಿನ ವಸ್ತು. ಬಳಕೆಯಿಂದ ಭಯ ಕುಂದುವುದು ಸಹಜ, ಎಚ್ಚರ ಕುಂದಬಾರದು.

ಕೈತಪ್ಪಿ ಈಡು ಹಾರುವುದಕ್ಕೆ ಮುಖ್ಯ ಕಾರಣ, ಕೋವಿ ಬರಿದಾಗಿದೆಯೆಂಬ ಊಹೆ. ತೋಟೆಯು ನಳಿಗೆಯ ಹಿಂಬದಿಯಲ್ಲಿ ಅಡಗಿರುತ್ತದೆ. ಮುಚ್ಚಿದ ಕೋವಿಯಲ್ಲಿ ಅದು ಹೊರಗೆ ಕಾಣದು. ಜೋಡುನಳಿಗೆಯಲ್ಲಿ ಒಂದು ತೋಟೆ ಹಾರಿದ ಮೇಲೂ ಇನ್ನೊಂದು ಉಳಿದಿರಬಹುದು. ಅನೇಕ ಕೋವಿಗಳಲ್ಲಿ ಸೇಫ್ಟಿಯು ಟ್ರಿಗರನ್ನು ಮಾತ್ರ ತಡೆಯುತ್ತದೆ. ಕೋವಿ ಕೆಳಗೆ ಬಿದ್ದರೆ ಆ ಪೆಟ್ಟಿಗೇ ಈಡು ಹಾರುವ ಸಂಭವವುಂಟು.

ಕೋವಿ ಹಿಡಿಯುವವರು ಪಾಲಿಸಬೇಕಾದ ನಿಯಮಗಳು

1. ಪ್ರತಿಯೊಂದು ಕೋವಿಯನ್ನೂ ಈಡು ತುಂಬಿದ್ದೆಂದೇ ಭಾವಿಸಬೇಕು.
2. ನಳಿಗೆಯ ಬಾಯಿಯನ್ನು ಯಾರತ್ತಲೂ ತಿರುಗಿಸಬಾರದು.
3. ಗುರಿ ಹಿಡಿದು ಹಾರಿಸಲು ನಿಶ್ಚಯಿಸುವವರೆಗೆ ಟ್ರಿಗರಿನ ಮೇಲೆ ಬೆರಳಿಡಬಾರದು.
4. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದನ್ನು ಅರಿಯದೆ ಹಾರಿಸಬಾರದು. ಕತ್ತಲಲ್ಲಿ ಅಲುಗಿದ ಪೊದೆ ಹಂದಿಯೇ ಆಗಿರಬೇಕಿಲ್ಲ.
5. ಬೇಲಿ ದಾಟುವ, ಮರವೇರುವ, ವಾಹನ ಹತ್ತುವ ಮೊದಲು ತೋಟೆಯನ್ನು ತೆಗೆಯಬೇಕು.
6. ಮನೆಯಲ್ಲಿ ಕೋವಿಗೂ ತೋಟೆಗೂ ಬೇರೆ ಬೇರೆ ಬೀಗವಿರಬೇಕು. ಬೀಗದಕೈ ಮಕ್ಕಳಿಗೆ ಸಿಗಬಾರದು.

ಮೊದಲ ಮೂರು ನಿಯಮಗಳು ಒಂದಕ್ಕೊಂದು ಆಸರೆ. ಬೆರಳು ತಪ್ಪಿದರೂ ನಳಿಗೆಯ ದಿಕ್ಕು ಸರಿಯಿದ್ದರೆ ಜೀವ ಉಳಿಯುತ್ತದೆ.

ಮಕ್ಕಳ ನಿಯಮ

ನಿಲ್ಲು, ಮುಟ್ಟಬೇಡ, ಅಲ್ಲಿಂದ ಸರಿ, ಹಿರಿಯರಿಗೆ ತಿಳಿಸು. ಗೆಳೆಯನು ಕೋವಿಯನ್ನು ಕೈಗೆತ್ತಿಕೊಂಡರೆ ಕಸಿದುಕೊಳ್ಳಲು ಹೋಗಬಾರದು. ಕೂಡಲೇ ಹೊರಗೆ ಬರಬೇಕು.

ಚಟುವಟಿಕೆ

ಮುಚ್ಚಿದ ಐದು ಪೆಟ್ಟಿಗೆಗಳನ್ನು ಮೇಜಿನ ಮೇಲಿಡಬೇಕು. ಒಂದರಲ್ಲಿ ಮಾತ್ರ ಹತ್ತಿಯಲ್ಲಿ ಸುತ್ತಿದ ಸೀಮೆಸುಣ್ಣವಿರಲಿ. ಯಾವುದು ಬರಿದೆಂದು ಮಕ್ಕಳು ನೋಡಿಯೇ ಹೇಳಲಿ. ಬಳಿಕ ತೆರೆದು ತೋರಿಸಬೇಕು. ಊಹೆಗೂ ಅರಿವಿಗೂ ಇರುವ ಅಂತರವನ್ನು ಮಕ್ಕಳೇ ಕಂಡುಕೊಳ್ಳುವರು.

ಶಿಕ್ಷಕರ ಗಮನಕ್ಕೆ: ಆಟಿಕೆಯ ಕೋವಿಯನ್ನೂ ತರಗತಿಗೆ ತರಬಾರದು. ಯಾರ ಮನೆಯಲ್ಲಿ ಕೋವಿಯಿದೆಯೆಂದು ಮಕ್ಕಳನ್ನು ಕೇಳಬಾರದು. ಆರನೆಯ ನಿಯಮವನ್ನು ಪೋಷಕರ ಸಭೆಯಲ್ಲಿ ಎಲ್ಲರಿಗೂ ಸಮಾನವಾಗಿ ತಿಳಿಸುವುದು ಲೇಸು.

ಮೌಲ್ಯಮಾಪನ

1. ಸೇಫ್ಟಿಯನ್ನೇ ನಂಬಿ ಕೋವಿಯನ್ನು ಗೋಡೆಗೆ ಒರಗಿಸಿಡುವುದು ಏಕೆ ತಪ್ಪು?
2. ಕೋವಿಯನ್ನೂ ತೋಟೆಯನ್ನೂ ಒಂದೇ ಕಪಾಟಿನಲ್ಲಿಟ್ಟರೆ ಏನಾಗಬಹುದು?