ಎರೆ ಹೊಲದ ನೀರಿನ ಲೆಕ್ಕ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ತೊಗರಿ, ಹತ್ತಿ ಬೆಳೆಯುವ ಎರೆ ಹೊಲ ನಮ್ಮದು. ಏಪ್ರಿಲ್‌ನಲ್ಲಿ ಎರಡೂ ಬಾಯಿ ತೆರೆದ ಡಬ್ಬಿಯನ್ನು ನೆಲಕ್ಕೆ ಬಡಿದು ನೀರು ಸುರಿದೆ, ನೋಡುನೋಡುತ್ತಲೇ ಖಾಲಿಯಾಯಿತು. ಆಗಸ್ಟ್‌ನಲ್ಲಿ ಅದೇ ಜಾಗದಲ್ಲಿ ಸುರಿದರೆ ಸಂಜೆಯಾದರೂ ನಿಂತೇ ಇತ್ತು. ಯಾವ ಲೆಕ್ಕ ನಂಬಲಿ?
– ರೈತರೊಬ್ಬರು, ಶಹಾಪುರ ತಾಲ್ಲೂಕು

ಉತ್ತರ: ಆಗಸ್ಟ್‌ನದನ್ನು ನಂಬಿ. ಏಪ್ರಿಲ್‌ನಲ್ಲಿ ಸುರಿದ ನೀರು ಹೋದದ್ದು ಬಿರುಕಿನೊಳಗೆ. ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದಿದ್ದ ನೆಲ ನಾಲ್ಕು ಹದ ಮಳೆ ಬಿದ್ದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿದ ಮೇಲೆ ಉಳಿಯುವ ವೇಗವೇ ನಿಮ್ಮ ಮಣ್ಣಿನ ನಿಜವಾದ ಇಂಗುವಿಕೆ. ಜೇಡಿ ಮಣ್ಣಿಗೆ ಇದು ಗಂಟೆಗೆ 1ರಿಂದ 5 ಮಿ.ಮೀ. ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೀರಾವರಿ ಕೈಪಿಡಿ ಹೇಳುತ್ತದೆ. ಗೋಡು ಮಣ್ಣಿಗೆ 10ರಿಂದ 20, ಮರಳಿಗೆ 30ಕ್ಕೂ ಮೇಲೆ. ಹಾಗೆಂದು ಬಿರುಕನ್ನು ಹಗುರವಾಗಿ ಕಾಣಬೇಡಿ. ಮುಂಗಾರಿನ ಮೊದಲ ಮಳೆ ಆಳಕ್ಕೆ ಇಳಿಯುವುದು ಅದೇ ದಾರಿಯಲ್ಲಿ.

ಅಳೆಯುವ ಕ್ರಮ ಸ್ವಲ್ಪ ತಿದ್ದಿಕೊಳ್ಳಿ. ಪ್ರಯೋಗಾಲಯದವರು ಒಂದರೊಳಗೊಂದು ಎರಡು ಬಳೆ ಇಡುತ್ತಾರೆ, ಒಳಗಿನದು 30 ಸೆಂ.ಮೀ. ಅಗಲ, ಹೊರಗಿನದು 60. ಡಬ್ಬಿ ಒಂದೇ ಇದ್ದರೆ ನೀರು ಕೆಳಗಷ್ಟೇ ಅಲ್ಲ, ಪಕ್ಕಕ್ಕೂ ಜಾರಿ ಲೆಕ್ಕ ಹೆಚ್ಚು ತೋರಿಸುತ್ತದೆ. ಹೊರಬಳೆಯಲ್ಲಿ ನೀರು ತುಂಬಿದ್ದರೆ ಒಳಗಿನದು ನೆಟ್ಟಗೆ ಇಳಿಯುತ್ತದೆ. ನೀವು ಬಳೆ ಕೊಳ್ಳಬೇಕಿಲ್ಲ. ಡಬ್ಬಿಯ ಸುತ್ತ ಒಂದು ಗೇಣು ಬಿಟ್ಟು ಮಣ್ಣಿನ ಬದು ಕಟ್ಟಿ, ಅಲ್ಲಿಗೂ ನೀರು ಬಿಡಿ. ಡಬ್ಬಿಯೊಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಸುರಿದ ಮೇಲೆ ಮೆಲ್ಲಗೆ ಎಳೆಯಿರಿ. ಇಲ್ಲದಿದ್ದರೆ ನೀರಿನ ಹೊಡೆತಕ್ಕೆ ಮಣ್ಣು ಕದಡಿ ರಂಧ್ರ ಮುಚ್ಚುತ್ತವೆ. ಒಳಗೊಂದು ಸ್ಕೇಲು ನಿಲ್ಲಿಸಿ ಮೊದಲು 5 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಿ. ಇಳಿದಷ್ಟೂ ತುಂಬುತ್ತಾ ಹೋಗಿ. ಸತತ ಮೂರು ಸಲ ಒಂದೇ ಅಂಕಿ ಬಂದರೆ ಅದೇ ಉತ್ತರ. ಎರೆಗೆ ಅರ್ಧ ದಿನ ಬೇಕಾದೀತು, ಅವಸರ ಮಾಡಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಇನ್ನೊಂದು ಮಾತು: ಗಂಟೆಗೆ ಒಂದೇ ಮಿ.ಮೀ. ಇಳಿಯುವ ಕಡೆ ನಮ್ಮ ಬಿಸಿಲಿಗೆ ಆವಿಯಾಗುವ ನೀರೂ ಲೆಕ್ಕ ಕೆಡಿಸುತ್ತದೆ. ಡಬ್ಬಿಯ ಮೇಲೆ ತಟ್ಟೆ ಮುಚ್ಚಿ.

ಉಪಯೋಗವೇನು ಎನ್ನುತ್ತೀರಾ? ನಿಮ್ಮ ಹೊಲದ ಅಂಕಿ 3 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದು ತಾಸಿನಲ್ಲಿ 30 ಮಿ.ಮೀ. ಮಳೆ ಹೊಡೆದರೆ ಹಸಿ ನೆಲ ಕುಡಿಯುವುದು ಹತ್ತರಲ್ಲಿ ಒಂದು ಪಾಲು. ಉಳಿದದ್ದು ಹಳ್ಳಕ್ಕೆ, ಜತೆಗೆ ಮೇಲ್ಮಣ್ಣೂ ಹೋಗುತ್ತದೆ. ಹಿಂಗಾರಿ ಜೋಳ, ಕಡಲೆ ಹೊಲಕ್ಕೆ ಚೌಕು ಮಡಿ ಕಟ್ಟಿ ಎಂದು ಹೇಳುವುದು ಇದಕ್ಕೇ. ಮಡಿಯಲ್ಲಿ ನಿಂತ ನೀರಿಗೆ ಇಂಗಲು ಪುರಸೊತ್ತು ಸಿಗುತ್ತದೆ.

ಪ್ರಶ್ನೆ: ನಮ್ಮದು ಕೆಂಪು ಮಸಾರಿ. ನೀರು ಬೇಗ ಇಂಗುವ ಮಣ್ಣು ಎನ್ನುತ್ತಾರೆ, ಆದರೆ ಮಳೆ ಬಂದರೆ ಹರಿದೇ ಹೋಗುತ್ತದೆ.
– ಯಾದಗಿರಿ ತಾಲ್ಲೂಕಿನಿಂದ

ಉತ್ತರ: ಹನಿಯ ಹೊಡೆತಕ್ಕೆ ಮಸಾರಿಯ ಮೇಲ್ಪದರ ಕದಡಿ, ಒಣಗಿದಾಗ ಹಪ್ಪಳದಂತೆ ಗಟ್ಟಿಯಾಗುತ್ತದೆ. ಒಂದು ಡಬ್ಬಿಯನ್ನು ಆ ಪದರದ ಮೇಲೆ, ಇನ್ನೊಂದನ್ನು ಪದರ ಕೆರೆದು ತೆಗೆದ ಜಾಗದಲ್ಲಿ ಇಟ್ಟು ಅಳೆಯಿರಿ. ಎರಡರ ನಡುವೆ ದೊಡ್ಡ ಅಂತರ ಕಂಡರೆ ರೋಗ ಮೇಲೆಯೇ ಇದೆ: ಮಳೆ ಬಿಟ್ಟು ಹದ ಬಂದ ಕೂಡಲೇ ಕುಂಟೆ ಹೊಡೆಯಿರಿ, ಬೆಳೆಯ ಸಾಲಿನ ನಡುವೆ ರವದಿ ಹರಡಿ. ಅಂತರ ಇಲ್ಲದಿದ್ದರೆ ಕೆಳಗೆ ಟ್ರ್ಯಾಕ್ಟರ್ ತುಳಿದು ಕಟ್ಟಿದ ಗಡಸು ಪದರವಿರಬಹುದು. ಸಲಾಕೆ ಚುಚ್ಚಿ ನೋಡಿ.

ಪ್ರಶ್ನೆ: ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗೆ ವರ್ಷಗಳಿಂದ ಭತ್ತ ಹಾಕುತ್ತಿದ್ದೇವೆ. ತಗ್ಗಿನ ತಾಕಿನಲ್ಲಿ ನೀರು ಇಂಗುವುದೇ ನಿಂತಿದೆ, ಒಣಗಿದರೆ ಬಿಳಿ ಉಪ್ಪು ಕಾಣುತ್ತದೆ. ಜಿಪ್ಸಂ ಹಾಕಿದರೆ ಸರಿಹೋದೀತೆ?
– ಸುರಪುರ ತಾಲ್ಲೂಕು

ಉತ್ತರ: ಬರೀ ಜಿಪ್ಸಂನಿಂದ ಆಗದು. ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಣಗಿದ ಹೆಂಟೆಯ ಸಣ್ಣ ಚೂರನ್ನು ಗಾಜಿನ ಲೋಟದ ಮಳೆನೀರಿಗೆ ಬಿಟ್ಟು ಅಲುಗಾಡಿಸದೆ ಇಡಿ. ಚೂರು ಕುಸಿದು ಸುತ್ತ ತಿಳಿನೀರೇ ಉಳಿದರೆ ಚಿಂತೆಯಿಲ್ಲ. ಚೂರಿನ ಸುತ್ತ ಹಾಲು ಕದಡಿದಂತಾದರೆ ಸೋಡಿಯಂ ಹೆಚ್ಚಿರುವ ಸೂಚನೆ. ಸೋಡಿಯಂ ಜೇಡಿಯ ಕಣಗಳನ್ನು ಬಿಡಿಸಿ, ಬಿಡಿ ಕಣ ಹೋಗಿ ರಂಧ್ರಗಳಲ್ಲಿ ಕೂರುತ್ತದೆ. ಆಮೇಲೆ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಭೀಮರಾಯನಗುಡಿ ಕೃಷಿ ಕಾಲೇಜಿಗೋ ಹೋಗಿ ಮಣ್ಣು ಪರೀಕ್ಷೆ ಮಾಡಿಸುವ ಬಗ್ಗೆ ಕೇಳಿ. ವಿನಿಮಯ ಸೋಡಿಯಂ ಶೇ 15 ಮೀರಿದ್ದರೆ ಜಿಪ್ಸಂ ಬೇಕು, ಎಕರೆಗೆ ಎಷ್ಟೆಂಬುದನ್ನು ವರದಿ ಹೇಳಬೇಕು, ಅಂಗಡಿಯವರಲ್ಲ.

ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಜಾಗ ಬಿಡಿಸುತ್ತದೆ ಅಷ್ಟೇ. ಬಿಟ್ಟ ಉಪ್ಪು ಹೊಲದಿಂದ ಹೊರಗೆ ಹೋಗಲು ಬಸಿಗಾಲುವೆ ಇರಬೇಕು. ನಿಮ್ಮ ಊರಿನ ಬಸಿಗಾಲುವೆ ಹೂಳು, ಆಪು ತುಂಬಿ ಮುಚ್ಚಿದ್ದರೆ ನೀವೊಬ್ಬರೇ ಹಾಕಿದ ಜಿಪ್ಸಂಗೆ ದಾರಿಯಿಲ್ಲ. ತಗ್ಗಿನವರ ಜವುಳಿಗೆ ದಿಬ್ಬದವರು ಹಗಲಿರುಳು ಬಿಡುವ ನೀರೂ ಕಾರಣ. ಈ ಮಾತು ದಿಬ್ಬದವರಿಗೆ ಹಿಡಿಸುವುದಿಲ್ಲ, ಗೊತ್ತಿದೆ. ಆದರೂ ನೀರು ಬಳಕೆದಾರರ ಸಂಘದ ಸಭೆಯಲ್ಲಿ ಎತ್ತಲೇಬೇಕು. ಬಸಿ ಸರಿಯಾಗುವ ತನಕ ಆ ತಾಕಿಗೆ ಎರಡನೇ ಬೆಳೆ ಭತ್ತ ಬೇಡ.

ಪ್ರಶ್ನೆ: ಎರೆ ಹೊಲದಲ್ಲಿ ಕೃಷಿ ಹೊಂಡ ತೆಗೆಸುತ್ತಿದ್ದೇವೆ. ಪ್ಲಾಸ್ಟಿಕ್ ಹಾಸು ಬೇಕೇ ಬೇಕೇ?
– ಶಹಾಪುರ

ಉತ್ತರ: ಮೇಲಿನ ಎರೆ ನೋಡಿ ತೀರ್ಮಾನಿಸಬೇಡಿ. ಎರೆ ಎರಡು ಮೊಳಕ್ಕೇ ಮುಗಿದು ಗರಸು ಬರುವ ಹೊಲಗಳೂ ಇವೆ. ಗರಸಿಗೆ ತಾಗಿದ ಹೊಂಡ ನೀರು ಹಿಡಿಯುವುದಿಲ್ಲ. ಹೊಂಡದ ಆಳಕ್ಕೆ ಒಂದು ಗುಂಡಿ ತೋಡಿ, ಹಿಂದಿನ ದಿನ ನೀರು ತುಂಬಿ ನೆನೆಸಿ, ಮರುದಿನ ಮತ್ತೆ ತುಂಬಿ ಅಳೆಯಿರಿ. ಗರಸು ಸಿಕ್ಕಿ ನೀರು ಗಂಟೆಗೆ ಬೆರಳುದ್ದ ಇಳಿದರೆ ಹಾಸು ಹಾಕಿಸಿ. ತಳದಲ್ಲೂ ಎರೆಯೇ ಇದ್ದು, ದಿನಕ್ಕೆ ಬೆರಳಗಲವೂ ಇಳಿಯದಿದ್ದರೆ ಆ ದುಡ್ಡಿನಲ್ಲಿ ಹೊಂಡದ ಬಾಯಿಗೆ ಹೂಳು ತಡೆಯುವ ಕಲ್ಲುಕಟ್ಟು ಮಾಡಿಸಿ.