ಗಾಲಿಕುರ್ಚಿ ಗುರುತಿನ ಜಾಗ: ಮಾಡಬೇಕಾದ್ದು, ಮಾಡಬಾರದ್ದು

ಕೆಜಿಎಫ್ ಮತ್ತು ಬಂಗಾರಪೇಟೆಯ ಕಾರು, ಬೈಕು, ಆಟೋ ಓಡಿಸುವವರ ಗಮನಕ್ಕೆ.

ರೈಲು ನಿಲ್ದಾಣವಿರಲಿ, ಆಸ್ಪತ್ರೆ, ಬ್ಯಾಂಕು, ತಾಲ್ಲೂಕು ಕಚೇರಿಯಿರಲಿ, ನೆಲದ ಮೇಲೋ ಬೋರ್ಡಿನ ಮೇಲೋ ಗಾಲಿಕುರ್ಚಿಯ ಚಿತ್ರ ಕಂಡರೆ ಆ ಜಾಗ ವಿಕಲಚೇತನರದ್ದು. ಖಾಲಿ ಬಿದ್ದಿದ್ದರೂ ಅವರದ್ದೇ.

ಮಾಡಬಾರದ್ದು

"ಎರಡೇ ನಿಮಿಷ ಸಾರ್" ಅನ್ನಬೇಡಿ. ನಮ್ಮ ಕಡೆ ಈ ಮಾತು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೇಳುತ್ತದೆ. ಯಾವುದರಲ್ಲೂ ಎರಡು ನಿಮಿಷಕ್ಕೆ ಮುಗಿದದ್ದಿಲ್ಲ.

ರೈಲು ತಪ್ಪುತ್ತದೆಂದು ರ‍್ಯಾಂಪಿನ ಬುಡದಲ್ಲಿ ಬೈಕು ಬಿಟ್ಟು ಓಡಬೇಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ರೈಲಿನಲ್ಲೇ ಬರುತ್ತಿದೆ, ಒಪ್ಪಿದೆ. ಆದರೆ ಬೆಳಿಗ್ಗೆ ನೀವು ಬಿಟ್ಟ ಬೈಕು ರಾತ್ರಿ ನೀವು ಬರುವ ತನಕ ದಾರಿಗೆ ಅಡ್ಡ ನಿಂತಿರುತ್ತದೆ.

ಸೈಡ್ ವೀಲ್ ಹಾಕಿದ ಸ್ಕೂಟರಿಗೆ ಅಂಟಿಕೊಂಡು ಗಾಡಿ ನಿಲ್ಲಿಸಬೇಡಿ. ಇದನ್ನು ಒತ್ತಿ ಹೇಳಬೇಕಾಗಿದೆ. ಓಡಿಸುವವರು ಮೊದಲು ಊರುಗೋಲು ಬಿಚ್ಚಿ ನೆಲಕ್ಕೆ ಊರಬೇಕು, ಆಮೇಲೆ ಕೈಯಿಂದ ಕಾಲನ್ನೆತ್ತಿ ಕೆಳಗಿಡಬೇಕು. ಅದಕ್ಕೆ ಒಂದು ಮಾರು ಜಾಗವಾದರೂ ಬೇಕು. ನಾವು ನೀವಾದರೆ ಎರಡೂ ಕಾಲೂರಿ ಗಾಡಿಯನ್ನು ಹಿಂದಕ್ಕೆ ತಳ್ಳಿಬಿಡುತ್ತೇವೆ, ಅವರಿಗೆ ಅದಾಗದು. ಹಿಂದೆಯೂ ಒಂದು ಬೈಕು ಬಂದು ನಿಂತರೆ, ಅದರ ಮಾಲೀಕ ಬರುವ ತನಕ ಅವರು ಬಿಸಿಲಲ್ಲಿ ಕೂತಿರಬೇಕು.

ಕಾರಿನ ಜಾಗದ ಪಕ್ಕದ ಪಟ್ಟೆ ಗೆರೆಗಳ ಮೇಲೂ ನಿಲ್ಲಿಸಬೇಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಈ ಜಾಗಕ್ಕೆ 3.6 ಮೀಟರ್ ಅಗಲ ಕೇಳುವುದು ಬಾಗಿಲು ಪೂರ್ತಿ ತೆರೆದು ಗಾಲಿಕುರ್ಚಿ ಇಳಿಸಲಿಕ್ಕೆ.

ವಿಕಲಚೇತನ ಮಾವನ ಹೆಸರಿನ ಗಾಡಿ, ಮಾವ ಮನೆಯಲ್ಲಿ: ನಡೆಯದು. ಬಂಗಾರಪೇಟೆಗೆ ಪಾನಿಪುರಿ ತಿನ್ನಲು ಬಂದವರಿಗೂ ಇದೇ ಮಾತು. ಪಾನಿಪುರಿ ಎಲ್ಲಿಗೂ ಓಡಿಹೋಗದು.

ಈ ಜಾಗ ಬಳಸುವ ವಿಕಲಚೇತನರನ್ನು ನಿಲ್ಲಿಸಿಕೊಂಡು "ನೋಡಿದರೆ ಚೆನ್ನಾಗೇ ಇದ್ದೀರಲ್ಲ" ಎಂದು ಕೇಳಬೇಡಿ. ಗಣಿಯ ಆಳದಲ್ಲಿ ಬಂಡೆ ಸಿಡಿದು ಜೀವ, ಕೈಕಾಲು ಕಳೆದುಕೊಂಡವರ ಊರಿದು. ಪ್ಯಾಂಟಿನೊಳಗಿನ ಕೃತಕ ಕಾಲು ಹೊರಗೆ ಕಾಣುವುದಿಲ್ಲ ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದವರಿಗೆ ಅದರ 92ನೇ ಸೆಕ್ಷನ್ನಿನಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಮಾಡಬೇಕಾದ್ದು

ಹಕ್ಕಿರುವವರು ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಜೊತೆಗಿಟ್ಟುಕೊಳ್ಳಿ. ಅದನ್ನು ಕೇಳುವುದು ಪೊಲೀಸರ, ಪಾರ್ಕಿಂಗ್ ಸಿಬ್ಬಂದಿಯ ಕೆಲಸ, ದಾರಿಹೋಕರದ್ದಲ್ಲ.

ವಿಕಲಚೇತನರನ್ನು ಇಳಿಸಲು ಬಂದ ಆಟೋದವರು ಇಳಿಸಿ, ಗಾಡಿ ತೆಗೆಯಿರಿ. ಮುಂದಿನ ಬಾಡಿಗೆಗೆ ಅಲ್ಲೇ ಕಾಯಬೇಡಿ.

ಅಡ್ಡ ನಿಂತ ಗಾಡಿ ಕಂಡರೆ ಮೊದಲು ಮಾಲೀಕರಿಗೆ ಹೇಳಿ. ಕೇಳದಿದ್ದರೆ ಫೋಟೋ ತೆಗೆದುಕೊಂಡು 112ಕ್ಕೆ ಕರೆ ಮಾಡಿ, ರೈಲು ನಿಲ್ದಾಣದ ಆವರಣವಾದರೆ 139ಕ್ಕೆ. ಟೈರಿನ ಗಾಳಿ ಬಿಡಬೇಡಿ, ಗಾಡಿ ಇನ್ನಷ್ಟು ಹೊತ್ತು ಅಲ್ಲೇ ಉಳಿದೀತು.

ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ವಿಕಲಚೇತನರಿಗೆ ಅನುಕೂಲವಾದ ಪಾರ್ಕಿಂಗ್ ಇರಬೇಕೆಂದು ಇದೇ ಕಾಯ್ದೆಯ 41ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷ. ಆದ್ದರಿಂದ ಜಾಗ ನೋಡಿಕೊಳ್ಳುವವರು ಮಾಸಿದ ಗುರುತಿಗೆ ಮತ್ತೆ ಬಣ್ಣ ಹೊಡೆಸಿ, ಬೋರ್ಡನ್ನು ಫ್ಲೆಕ್ಸುಗಳ ಹಿಂದಿನಿಂದ ಈಚೆಗೆ ತನ್ನಿ.