'ಕಟ್' ಎಂಬ ಇಂಗ್ಲಿಷ್ ಮಾತಿನ ಬಾಲಗಳು



ತೋಟದ ಸಲಹಾಪತ್ರ, ಕರೆಂಟಿನ ನೋಟೀಸು, ಅರ್ಜಿಯ ನಮೂನೆ ಇವುಗಳ ಇಂಗ್ಲಿಷಿನಲ್ಲಿ 'ಕಟ್' ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಕಟ್ ಎಂದರೆ ಕತ್ತರಿಸು. ಇದು ತಮಗೆ ತಿಳಿದದ್ದೇ. ತೊಂದರೆ ಇರುವುದು ಅದರ ಬಾಲದಲ್ಲಿ. ನಮ್ಮಲ್ಲಿಯೂ ಹಾಗೆಯೇ. 'ಕೊಡು' ಎಂದರೆ ನೀಡು. ಆದರೆ ಕೊಯ್ಲಿನ ದಿನ ಆಳು ಕೈಕೊಟ್ಟರೆ ನಮಗೆ ಸಿಕ್ಕುವುದೇನು?

'ಕಟ್ ಡೌನ್' ಎಂದರೆ ಮರವನ್ನು ಬುಡಕ್ಕೆ ಕಡಿದು ಉರುಳಿಸು. 'ಕಟ್ ಬ್ಯಾಕ್' ಎಂದರೆ ಕೊಂಬೆಗಳನ್ನಷ್ಟೇ ಸವರು, ಅಂದರೆ ನಮ್ಮ ಮರ ಕಪಾತು. ಮುಂಗಾರಿಗೆ ಮುನ್ನ ನೆರಳುಮರಗಳನ್ನು 'ಕಟ್ ಬ್ಯಾಕ್' ಮಾಡಿರೆಂಬ ಸೂಚನೆಯನ್ನು 'ಕಟ್ ಡೌನ್' ಎಂದು ತಿಳಿದು ಆಳುಗಳಿಗೆ ಹೇಳಿದಿರೋ, ವರ್ಷಗಟ್ಟಲೆ ಬೆಳೆದ ಹಾಲುವಾಣ ಒಂದೇ ದಿನದಲ್ಲಿ ನೆಲಕ್ಕೆ! ನೆರಳು ತಪ್ಪಿದ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ ಹೆಚ್ಚು. ಹುಳು ಒಳಹೊಕ್ಕ ಗಿಡವನ್ನು ಕಿತ್ತು ಸುಡಬೇಕಾಗುತ್ತದೆ. ನೆರಳು ಎಷ್ಟಿರಬೇಕೆಂಬ ಸಂದೇಹಕ್ಕೆ, 1946ರಲ್ಲಿ ನಮ್ಮ ಚೆಟ್ಟಳ್ಳಿಯಲ್ಲೇ ಪ್ರಾರಂಭವಾದ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಬಹುದು.

'ಡೌನ್' ಆದಮೇಲೆ 'ಆನ್' ಬಂದರೆ ಅರ್ಥ ಮತ್ತೆ ಬೇರೆ. 'ಕಟ್ ಡೌನ್ ಆನ್ ಯೂರಿಯಾ' ಎಂದರೆ ಯೂರಿಯಾ ಕಡಿಮೆ ಮಾಡಿರಿ ಎಂದು, ನಿಲ್ಲಿಸಿಬಿಡಿ ಎಂದಲ್ಲ.

'ಕಟ್ ಆಫ್' ಎಂದರೆ ಕರೆಂಟು ತಪ್ಪಿಸುವುದು. ಅರ್ಜಿಯಲ್ಲಿ 'ಕಟ್ ಆಫ್ ಡೇಟ್' ಎಂದಿದ್ದರೆ ಅದು ಕೊನೆಯ ದಿನ. ಆ ತಾರೀಖಿಗೆ ಕೆಂಪು ಗೆರೆ ಎಳೆದಿಡಿ.

ಬಾಲ ದೂರದಲ್ಲಿಯೂ ಇರುವುದುಂಟು: 'ಕಟ್ ದಿ ಟ್ರೀ ಡೌನ್'. ಆದುದರಿಂದ ವಾಕ್ಯ ಮುಗಿಯುವವರೆಗೂ ಓದಿರಿ. ತಿಳಿಯದಿದ್ದರೆ ಕಾಗದವನ್ನು ನನ್ನ ಬಳಿ ತನ್ನಿರಿ, ಕತ್ತಿ ಆಮೇಲೆ ಎತ್ತಿದರಾಯಿತು.